ತೆಳುವಾದ ಹಿಮದ ಅಪಾಯ: ಚಳಿಗಾಲದ ಆರಂಭದಲ್ಲಿ ಹಿಮಾಲಯದ ಇಳಿಜಾರುಗಳು ಕುಸಿಯುವುದು ಏಕೆ

2022ರ ಅಕ್ಟೋಬರ್ 4ರ ಬೆಳಿಗ್ಗೆ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, ‘ದ್ರೌಪದಿ ಕಾ ಡಾಂಡಾ–2’ ಎಂಬ 5,670 ಮೀಟರ್ ಎತ್ತರದ ಶಿಖರದ ಬಳಿ ಹಿಮದ ಇಳಿಜಾರೊಂದು ಕುಸಿಯಿತು. ನೆಹರೂ ಪರ್ವತಾರೋಹಣ ಸಂಸ್ಥೆಯ ಉನ್ನತ ತರಬೇತಿಯಲ್ಲಿದ್ದ ಶಿಬಿರಾರ್ಥಿಗಳೂ ಬೋಧಕರೂ ಆಗ ಅದೇ ಇಳಿಜಾರಿನಲ್ಲಿದ್ದರು. ಜಾರಿದ ಹಿಮವು ಅವರಲ್ಲಿ ಹಲವರನ್ನು ಹಿಮನದಿಯ ಬಿರುಕಿನೊಳಕ್ಕೆ ಕೆಡವಿತು. ದಿನಗಟ್ಟಲೆ ನಡೆದ ಶೋಧದಲ್ಲಿ 27 ಮಂದಿಯ ದೇಹಗಳು ದೊರೆತವು, ಇಬ್ಬರು ಪತ್ತೆಯಾಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳನ್ನು 16 ದಿನಗಳ ಅಂತರದಲ್ಲಿ ಏರಿದ್ದ ಬೋಧಕಿ ಸವಿತಾ ಕಂಸ್ವಾಲ್ ಮೃತರಲ್ಲಿ ಒಬ್ಬರು. ಕರ್ನಾಟಕದಿಂದ ತರಬೇತಿಗೆ ಹೋಗಿದ್ದವರೂ ಮೃತರಲ್ಲಿದ್ದರು.

ಆ ಇಳಿಜಾರಿನಲ್ಲಿದ್ದವರು ಅನುಭವವಿಲ್ಲದ ಪ್ರವಾಸಿಗರಲ್ಲ. ಪಂಚಾಂಗದ ಪ್ರಕಾರ ಚಳಿಗಾಲವೂ ಇನ್ನೂ ಆರಂಭವಾಗಿರಲಿಲ್ಲ. ಹಿಮಕುಸಿತವೆಂದರೆ ಜನವರಿ, ಫೆಬ್ರವರಿಯಲ್ಲಿ ಆಳೆತ್ತರ ಹಿಮ ಬಿದ್ದ ಮೇಲೆ ನಡೆಯುವಂಥದ್ದು ಎಂಬ ನಂಬಿಕೆ ನಮ್ಮಲ್ಲಿದೆ. ಪ್ರತಿ ವರ್ಷ ನವೆಂಬರ್ ಕಳೆಯುತ್ತಿದ್ದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಚಾರಣಿಗರು ಉತ್ತರಾಖಂಡ, ಹಿಮಾಚಲ, ಕಾಶ್ಮೀರಗಳತ್ತ ಹೊರಡುವಾಗ ‘ಈಗ ಹಿಮ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ’ ಎಂಬ ಮಾತನ್ನು ಕೇಳುತ್ತೇವೆ. ಹಿಮದ ವಿಜ್ಞಾನ ಹೇಳುವುದು ಬೇರೆ. ಋತುವಿನ ಮೊದಲ ಹಿಮ ತೆಳುವಾಗಿರುವುದೇ ಆ ಅಪಾಯಕ್ಕೆ ಒಂದು ಮುಖ್ಯ ಕಾರಣವಾಗಬಲ್ಲದು.

ಮೊದಲು ಕೆಲವು ಪದಗಳು

ಮಡಿಕೇರಿಯ ಬೆಳಗಿನ ಮುಸುಕಿಗೂ, ಹುಲ್ಲಿನ ಮೇಲಿನ ಹನಿಗೂ, ಹಿಮಾಲಯದ ಶಿಖರಗಳ ಬಿಳುಪಿಗೂ ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಸಲ್ಲುತ್ತದೆ. ಹಿಮ ಬೀಳದ ನಾಡಿನ ನುಡಿಯಲ್ಲಿ ಇದು ಸಹಜವೇ. ಆದರೆ ‘ಹಿಮಪಾತ’ ಎಂಬ ಪದವನ್ನು ಪತ್ರಿಕೆಗಳು ಆಕಾಶದಿಂದ ಹಿಮ ಬೀಳುವುದಕ್ಕೂ, ಬೆಟ್ಟದ ಮೇಲಿನ ಹಿಮ ಕಳಚಿ ಕೆಳಗುರುಳುವುದಕ್ಕೂ ಬಳಸುವುದರಿಂದ ಗೊಂದಲವಾಗುತ್ತದೆ. ಈ ಲೇಖನದಲ್ಲಿ ಮೊದಲನೆಯದನ್ನು ಹಿಮಪಾತವೆಂದೂ ಎರಡನೆಯದನ್ನು ಹಿಮಕುಸಿತವೆಂದೂ ಕರೆಯುತ್ತೇನೆ.

ಹಿಮಕುಸಿತದಲ್ಲಿ ಹಲವು ಬಗೆಗಳಿದ್ದರೂ ಇಲ್ಲಿ ಎರಡನ್ನು ತಿಳಿದರೆ ಸಾಕು. ಸಡಿಲ ಹಿಮ ಒಂದು ಬಿಂದುವಿನಲ್ಲಿ ಜಾರಲು ತೊಡಗಿ, ಮರಳಿನ ಗುಡ್ಡೆಯ ಬದಿಯಿಂದ ಮರಳು ಇಳಿಯುವಂತೆ ಹರಡುತ್ತಾ ಸಾಗುವುದು ಒಂದು ಬಗೆ. ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡ ಹಿಮದ ಇಡೀ ಪದರವೇ ಕಲ್ಲುಚಪ್ಪಡಿಯಂತೆ ಒಮ್ಮೆಗೇ ಕಳಚಿ ಜಾರುವುದು ಇನ್ನೊಂದು ಬಗೆ. ಇದನ್ನು ಚಪ್ಪಡಿ ಕುಸಿತ ಎನ್ನಬಹುದು. ಪರ್ವತಗಳಲ್ಲಿ ಚಾರಣಿಗರನ್ನೂ ಸ್ಕೀ ಆಟಗಾರರನ್ನೂ ಬಲಿ ತೆಗೆದುಕೊಳ್ಳುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯೇ. ಸಡಿಲ ಹಿಮದ ಜಾರಿಕೆ ಸಾಮಾನ್ಯವಾಗಿ ನಮ್ಮ ಕಾಲಿನಿಂದ ಕೆಳಕ್ಕೆ ಹೋಗುತ್ತದೆ. ಚಪ್ಪಡಿ ಒಡೆಯುವಾಗ ಬಿರುಕು ನಮ್ಮ ತಲೆಗಿಂತ ಎಷ್ಟೋ ಮೇಲೆ ಮೂಡುವುದರಿಂದ ನಾವು ಜಾರುವ ಪದರದ ನಡುವೆಯೇ ಇರುತ್ತೇವೆ. ಕೆಲವೇ ಕ್ಷಣಗಳಲ್ಲಿ ಅದರ ವೇಗ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಬಲ್ಲದು.

ಇದಕ್ಕೆ ಇಳಿಜಾರು ಬೇಕು, ಆದರೆ ತೀರಾ ಕಡಿದಾಗಿರಬೇಕಿಲ್ಲ. ಚಪ್ಪಡಿ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಆಗುತ್ತವೆ. ಮನೆಯ ಮೆಟ್ಟಿಲುಗಳ ಓಟ ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನೆದರೆ, ಕಣ್ಣಿಗೆ ಸಾಧಾರಣವಾಗಿ ಕಾಣುವ ಏರುಗಳೂ ಈ ಲೆಕ್ಕದೊಳಗೆ ಬರುತ್ತವೆ ಎಂಬುದು ತಿಳಿಯುತ್ತದೆ. ಅತಿ ಕಡಿದಾದ ಬಂಡೆಗೋಡೆಗಳಲ್ಲಿ ಹಿಮ ನಿಲ್ಲುವುದೇ ಇಲ್ಲ. ಬಿದ್ದಂತೆ ಬಿದ್ದಂತೆ ಉದುರಿಹೋಗುತ್ತದೆ.

ತೆಳುವಾದ ಹಿಮ ಒಳಗೊಳಗೇ ಸಡಿಲವಾಗುವ ಬಗೆ

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆಯಲ್ಲ. ಅಕ್ಟೋಬರ್‌ನಲ್ಲಿ ಬಿದ್ದದ್ದು ಕೆಳಗೆ, ನವೆಂಬರ್‌ನದು ಅದರ ಮೇಲೆ, ಡಿಸೆಂಬರ್‌ನದು ಇನ್ನೂ ಮೇಲೆ, ಹೀಗೆ ಪದರ ಪದರವಾಗಿ ಅದು ಕೂಡುತ್ತಾ ಹೋಗುತ್ತದೆ. ಒಂದೊಂದು ಪದರಕ್ಕೂ ಬೇರೆ ಬೇರೆ ಗಟ್ಟಿತನವಿರುತ್ತದೆ. ಚಳಿಗಾಲವಿಡೀ ಬೀಳುವ ಹಿಮದ ಭಾರವನ್ನೆಲ್ಲ ಹೊರಬೇಕಾದದ್ದು ಮೊದಲು ಬಿದ್ದ ಪದರ. ಅದು ಮನೆಯ ಅಡಿಪಾಯವಿದ್ದಂತೆ. ಅಡಿಪಾಯ ಕೆಡುವುದು ಹೇಗೆ ಎಂಬುದೇ ಈ ವಿಷಯದ ತಿರುಳಾದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹಿಮದ ಕಣಗಳು ಬಿದ್ದ ಮೇಲೂ ಬದಲಾಗುತ್ತಲೇ ಇರುತ್ತವೆ. ಪದರದ ಮೇಲಕ್ಕೂ ಕೆಳಕ್ಕೂ ಉಷ್ಣತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಕಣಗಳು ದುಂಡಗಾಗಿ, ಒಂದನ್ನೊಂದು ಮುಟ್ಟುವ ಕಡೆಯಲ್ಲೆಲ್ಲ ಬೆಸೆದುಕೊಂಡು, ಪಾಕ ಹಿಡಿದ ಎಳ್ಳುಂಡೆಯಂತೆ ಗಟ್ಟಿಯಾಗುತ್ತವೆ. ಇದು ಒಳ್ಳೆಯ ಅಡಿಪಾಯ. ವ್ಯತ್ಯಾಸ ಹೆಚ್ಚಿದ್ದರೆ ಆಗುವುದು ಇದರ ವಿರುದ್ಧ.

ಇಡ್ಲಿ ಪಾತ್ರೆಯನ್ನು ನೆನಪಿಸಿಕೊಳ್ಳಿ. ತಳದಲ್ಲಿ ಕಾದ ನೀರಿನಿಂದ ಎದ್ದ ಆವಿ ಮೇಲೇರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಹಿಮದ ಪದರದೊಳಗೂ ಇಂಥದ್ದೇ ಒಂದು ಸಾಗಾಟ ನಡೆಯುತ್ತದೆ. ಬೇಸಗೆಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುವ ನೆಲ ಹಿಮದ ತಳವನ್ನು ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿಯೇ ಇಡುತ್ತದೆ. ಮೇಲ್ಮೈ ಮಾತ್ರ ಮೋಡವಿಲ್ಲದ ರಾತ್ರಿಗಳಲ್ಲಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ತಳದ ಕಣಗಳಿಂದ ನೀರಾವಿ ಹೊರಟು, ಕಣಗಳ ನಡುವಿನ ಸಂದುಗಳಲ್ಲಿ ಮೇಲೇರಿ, ತಣ್ಣನೆಯ ಕಣಗಳ ಮೇಲೆ ಹೊಸ ಹರಳಾಗಿ ಕೂರುತ್ತದೆ. ಕಣಗಳನ್ನು ಬೆಸೆದಿದ್ದ ಸಣ್ಣ ಕುತ್ತಿಗೆಗಳು ಹೀಗೆ ಕರಗಿಹೋಗಿ, ಅವುಗಳ ಜಾಗದಲ್ಲಿ ಮೂಲೆ ಮೂಲೆಯಾದ, ಹೊಳೆಯುವ, ಒಂದಕ್ಕೊಂದು ಅಂಟದ ದೊಡ್ಡ ಹರಳುಗಳು ಬೆಳೆಯುತ್ತವೆ. ಕೈಯಲ್ಲಿ ಹಿಡಿದರೆ ಅವು ದಪ್ಪ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿಯುತ್ತವೆ, ಉಂಡೆ ಕಟ್ಟಲು ಬರುವುದಿಲ್ಲ. ಪರ್ವತಗಳಲ್ಲಿ ಓಡಾಡುವವರು ಇದನ್ನು ಸಕ್ಕರೆ ಹಿಮ ಎಂದೇ ಕರೆಯುತ್ತಾರೆ.

ಇಲ್ಲಿ ದಪ್ಪದ ಪಾತ್ರವೇನು? ಪ್ರತಿ 10 ಸೆಂಟಿಮೀಟರ್ ದಪ್ಪಕ್ಕೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಈ ಸಕ್ಕರೆ ಹರಳುಗಳು ಬೆಳೆಯತೊಡಗುತ್ತವೆ ಎಂಬುದು ಹಿಮತಜ್ಞರು ಬಳಸುವ ಸ್ಥೂಲ ಅಳತೆ. ರಾತ್ರಿ ಹಿಮದ ಮೇಲ್ಮೈ ಸೊನ್ನೆಗಿಂತ 16 ಡಿಗ್ರಿ ಕೆಳಗಿಳಿಯಿತೆನ್ನೋಣ. ಹಿಮ 160 ಸೆಂಟಿಮೀಟರ್ ದಪ್ಪವಿದ್ದರೆ ಆ 16 ಡಿಗ್ರಿ ಅಷ್ಟು ಆಳಕ್ಕೆ ಹಂಚಿಹೋಗಿ, ಪ್ರತಿ 10 ಸೆಂಟಿಮೀಟರ್‌ಗೆ ಒಂದೇ ಡಿಗ್ರಿ ಬೀಳುತ್ತದೆ. ಅದೇ ಹಿಮ 40 ಸೆಂಟಿಮೀಟರ್ ಮಾತ್ರ ಇದ್ದರೆ ಪ್ರತಿ 10 ಸೆಂಟಿಮೀಟರ್‌ಗೆ ನಾಲ್ಕು ಡಿಗ್ರಿ! ಅದೇ ಬೆಟ್ಟ, ಅದೇ ರಾತ್ರಿ, ಅದೇ ಚಳಿ. ಆದರೂ ತೆಳುವಾದ ಹಿಮ ನಾಲ್ಕು ಪಟ್ಟು ತೀವ್ರವಾದ ವ್ಯತ್ಯಾಸಕ್ಕೆ ಸಿಲುಕುತ್ತದೆ. ಋತುವಿನ ಆರಂಭದಲ್ಲಿ ಸ್ವಲ್ಪ ಹಿಮ ಬಿದ್ದು, ಆಮೇಲೆ ಎರಡು ಮೂರು ವಾರ ನೀಲಿ ಆಕಾಶ ಮತ್ತು ಕೊರೆಯುವ ರಾತ್ರಿಗಳು ಮುಂದುವರಿದರೆ ಅಡಿಪಾಯ ಸಕ್ಕರೆಯಾಗಲು ಬೇಕಾದ ಎಲ್ಲವೂ ಒದಗಿದಂತೆ. ಪ್ರವಾಸಿಗರಿಗೆ ಬಹಳ ಸುಂದರವಾಗಿ ಕಾಣುವ ಹವಾಮಾನವೂ ಅದೇ.

ಇಂಥದೇ ಇನ್ನೊಂದು ದುರ್ಬಲ ಪದರ ಮೇಲ್ಮೈಯಲ್ಲಿ ಹುಟ್ಟುತ್ತದೆ. ತೇವವಿರುವ, ಗಾಳಿಯಿಲ್ಲದ, ತಿಳಿಯಾದ ರಾತ್ರಿಗಳಲ್ಲಿ ನಮ್ಮ ಹೊಲಗಳ ಮೇಲೆ ಇಬ್ಬನಿ ಕೂರುವಂತೆ, ಅಲ್ಲಿ ಹಿಮದ ಮೇಲೆ ಹಕ್ಕಿಯ ಗರಿಯಂಥ ತೆಳ್ಳನೆಯ ಹರಳುಗಳು ನಿಲ್ಲುತ್ತವೆ. ಬಿಸಿಲಿಗೋ ಗಾಳಿಗೋ ಹಾಳಾದರೆ ಚಿಂತೆಯಿಲ್ಲ. ಹಾಳಾಗುವ ಮೊದಲೇ ಹೊಸ ಹಿಮ ಅವುಗಳನ್ನು ಮುಚ್ಚಿದರೆ, ನಿಂತ ಕಡ್ಡಿಗಳ ಮೇಲೆ ಹಲಗೆ ಇಟ್ಟಂತೆ ಒಂದು ಟೊಳ್ಳು ಪದರ ಒಳಗೆ ಉಳಿಯುತ್ತದೆ.

ಹಿಮ ಉಳಿದ ಕಡೆಯೇ ದೌರ್ಬಲ್ಯವೂ ಉಳಿಯುತ್ತದೆ

ಭೂಮಿಯ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಬಿಸಿಲು ಹೆಚ್ಚು ಬೀಳುವುದರಿಂದ ಅಕ್ಟೋಬರ್ ಹಿಮ ಅಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಉತ್ತರಕ್ಕೂ ಈಶಾನ್ಯಕ್ಕೂ ಮುಖ ಮಾಡಿದ ನೆರಳಿನ ಇಳಿಜಾರುಗಳಲ್ಲಿ ಅದು ಉಳಿದು, ವಾರಗಟ್ಟಲೆ ಸಕ್ಕರೆಯಾಗುತ್ತಾ ಹೋಗುತ್ತದೆ. ಡಿಸೆಂಬರ್‌ನಲ್ಲಿ ಹೊಸ ಹಿಮ ಬಿದ್ದಾಗ ಎರಡೂ ಇಳಿಜಾರುಗಳು ಒಂದೇ ಬಿಳುಪಿನಿಂದ ಕಾಣುತ್ತವೆ. ಒಂದರ ಅಡಿಯಲ್ಲಿ ಬರಿಯ ನೆಲವಿದೆ, ಇನ್ನೊಂದರ ಅಡಿಯಲ್ಲಿ ಸಕ್ಕರೆಯಿದೆ.

ಋತುವಿನ ಆರಂಭದಲ್ಲಿ ಜನರು ಸಿಲುಕಿಕೊಳ್ಳುವುದು ಹೀಗೆಯೇ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬೆಟ್ಟವೆಲ್ಲ ಇನ್ನೂ ಕಂದಾಗಿರುವಾಗ, ಸ್ಕೀ ಆಡಲೋ ಚಿತ್ರ ತೆಗೆಯಲೋ ಹಿಮವನ್ನು ಹುಡುಕಿಕೊಂಡು ಹೋಗುವವರು ಸಹಜವಾಗಿಯೇ ನೆರಳಿನ, ಎತ್ತರದ, ಗಾಳಿ ತಂದು ಸುರಿದ ಕಮರಿಗಳತ್ತ ನಡೆಯುತ್ತಾರೆ. ಹಿಮ ಚೆನ್ನಾಗಿರುವ ಜಾಗವೆಂದು ಅವರು ಆರಿಸಿಕೊಳ್ಳುವುದು ದುರ್ಬಲವಾದ ಹಳೆಯ ಪದರ ಉಳಿದಿರುವ ಜಾಗವನ್ನೇ.

ಮೇಲಿನ ಹೊರೆ

ಸಕ್ಕರೆ ಪದರ ಒಂದೇ ಇದ್ದರೆ ಅದು ತಾನಾಗಿ ಚಪ್ಪಡಿಯಾಗಿ ಜಾರುವುದಿಲ್ಲ. ಅದರ ಮೇಲೆ ಗಟ್ಟಿಯಾದ ಚಪ್ಪಡಿಯೊಂದು ಕೂರಬೇಕು. ಆ ಚಪ್ಪಡಿಯನ್ನು ತಂದಿಡುವುದು ಹೊಸ ಹಿಮಪಾತ ಅಥವಾ ಗಾಳಿ.

ಪಶ್ಚಿಮ ಹಿಮಾಲಯದಲ್ಲಿ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಪೂರ್ವಕ್ಕೆ ಸಾಗಿಬರುವ, ಹವಾಮಾನ ಇಲಾಖೆ ‘ಪಶ್ಚಿಮದ ಕ್ಷೋಭೆ’ ಎಂದು ಕರೆಯುವ ಮಳೆಮಾರುತಗಳು. ಎರಡು ಕ್ಷೋಭೆಗಳ ನಡುವೆ ದೀರ್ಘವಾದ ಒಣ ಅವಧಿ ಬಂದು, ಆಮೇಲೆ ಒಮ್ಮೆಗೇ ಭಾರೀ ಹಿಮ ಬೀಳುವುದು ಆತಂಕ ಹುಟ್ಟಿಸುವ ಅನುಕ್ರಮ. 2024ರ ಜನವರಿಯಲ್ಲಿ ಗುಲ್‌ಮಾರ್ಗ್ ಹಿಮವಿಲ್ಲದೆ ಬರಿದಾಗಿದ್ದ ಚಿತ್ರಗಳನ್ನು ಹಲವರು ನೋಡಿರಬಹುದು. ಆ ತಿಂಗಳ ಕೊನೆಯಿಂದ ಹಿಮ ಬೀಳತೊಡಗಿತು. ಫೆಬ್ರವರಿ 22ರಂದು ಅಲ್ಲಿನ ಅಫರ್‌ವತ್ ಬೆಟ್ಟದ ಮಗ್ಗುಲಲ್ಲಿ ಹಿಮ ಕುಸಿದು ರಷ್ಯಾದ ಸ್ಕೀ ಆಟಗಾರನೊಬ್ಬ ಸತ್ತನು. ಚಳಿಗಾಲ ತಡವಾಗಿ ಬಂದ ವರ್ಷ ‘ಋತುವಿನ ಆರಂಭ’ ಎಂಬುದೂ ಫೆಬ್ರವರಿಗೆ ಸರಿಯುತ್ತದೆ. ಬೆಟ್ಟ ಲೆಕ್ಕವಿಡುವುದು ಪದರಗಳನ್ನು, ತಿಂಗಳುಗಳನ್ನಲ್ಲ.

ಹೊರೆ ಎಷ್ಟಿರಬಹುದು? ಹೊಸ ಹಿಮ ಹತ್ತಿಯಂತೆ ಹಗುರ ಎನಿಸುತ್ತದೆ. ಒಂದು ಘನ ಮೀಟರ್ ಹೊಸ ಹಿಮ ಸುಮಾರು 100 ಕಿಲೋ ತೂಗುತ್ತದೆ ಎಂದು ಹಿಡಿದರೂ, ಇಪ್ಪತ್ತು ಗುಂಟೆಯಷ್ಟು ಅಗಲದ ಇಳಿಜಾರಿನ ಮೇಲೆ ಮೂವತ್ತು ಸೆಂಟಿಮೀಟರ್ ಬಿದ್ದರೆ ಸುಮಾರು 60 ಟನ್ ಆಯಿತು. ಹತ್ತು ಟನ್ ಹೊರುವ ಆರು ಲಾರಿಗಳ ಸರಕನ್ನು ಸಕ್ಕರೆಯ ಮೇಲೆ ಇಳುಕಲಾಗಿ ಪೇರಿಸಿದಂತೆ ಅದು.

ಗಾಳಿಯಂತೂ ಹಿಮಪಾತಕ್ಕಿಂತ ಬಹಳ ವೇಗವಾಗಿ ಹಿಮವನ್ನು ಕೂಡಿಹಾಕಬಲ್ಲದು. ಬೆಟ್ಟದ ಏಣಿನ ಒಂದು ಬದಿಯನ್ನು ಕೆರೆದು, ಇನ್ನೊಂದು ಬದಿಯ ಮರೆಯಲ್ಲಿ ಅದು ಹಿಮವನ್ನು ಸುರಿಯುತ್ತದೆ. ಹೀಗೆ ಸುರಿದ ಹಿಮದ ಕಣಗಳು ಪುಡಿಯಾಗಿ ಒತ್ತೊತ್ತಾಗಿ ಕೂರುವುದರಿಂದ ಅಲ್ಲಿ ಗಟ್ಟಿ ಚಪ್ಪಡಿ ಬೇಗ ಸಿದ್ಧವಾಗುತ್ತದೆ. ಆಕಾಶದಿಂದ ಒಂದು ಹಳಕೂ ಬೀಳದ ದಿನ ಕೂಡ ಏಣಿನ ಮರೆಯ ಇಳಿಜಾರು ಅಪಾಯದ ಮಟ್ಟ ಮುಟ್ಟಬಹುದು. ಶಿಖರದಿಂದ ಹಿಮದ ಧೂಳು ಬಾವುಟದಂತೆ ಹಾರುತ್ತಿರುವುದು ಕಂಡರೆ, ಆ ಹಿಮ ಎಲ್ಲಿಗೋ ಹೋಗಿ ಸೇರುತ್ತಿದೆ ಎಂದು ತಿಳಿಯಬೇಕು.

ಕುಸಿತ ಶುರುವಾಗುವ ಕ್ಷಣ

ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮನುಷ್ಯನ ದನಿಗೆ ಅಷ್ಟು ಬಲವಿಲ್ಲ. ಬಲವಿರುವುದು ಮನುಷ್ಯನ ತೂಕಕ್ಕೆ. ವಿಹಾರಕ್ಕಾಗಿ ಹಿಮಪರ್ವತಗಳಿಗೆ ಹೋದವರು ಸತ್ತ ಕುಸಿತಗಳಲ್ಲಿ ಬಹುಪಾಲನ್ನು ಸತ್ತವರೋ ಅವರ ಜೊತೆಗಾರರೋ ತಮ್ಮ ಭಾರದಿಂದಲೇ ಆರಂಭಿಸಿದ್ದರು ಎಂಬುದು ಯುರೋಪ್ ಮತ್ತು ಉತ್ತರ ಅಮೆರಿಕದ ದಶಕಗಳ ದಾಖಲೆಗಳಿಂದ ತಿಳಿಯುತ್ತದೆ.

ಚಪ್ಪಡಿ ದಪ್ಪವಾಗಿದ್ದರೆ ನಮ್ಮ ಹೆಜ್ಜೆಯ ಒತ್ತಡ ಕೆಳಗಿನ ದುರ್ಬಲ ಪದರವನ್ನು ಮುಟ್ಟುವ ಮೊದಲೇ ಹರಡಿಹೋಗುತ್ತದೆ. ಋತುವಿನ ಆರಂಭದಲ್ಲಿ ಚಪ್ಪಡಿ ತೆಳು. ದುರ್ಬಲ ಪದರ ಕಾಲಿಗೆ ಹತ್ತಿರ. ಒಂದು ಕಡೆ ಅದು ಮುರಿದರೆ, ಸಾಲಾಗಿ ನಿಲ್ಲಿಸಿದ ಸೈಕಲ್‌ಗಳಲ್ಲಿ ಒಂದು ಬಿದ್ದಾಗ ಉಳಿದವೂ ಉರುಳುವಂತೆ, ಮುರಿತವು ಇಳಿಜಾರಿನುದ್ದಕ್ಕೂ ಓಡುತ್ತದೆ. ಸಮತಟ್ಟಿನಲ್ಲಿ ನಿಂತವರ ಹೆಜ್ಜೆಯಿಂದ ಹೊರಟ ಮುರಿತ ದೂರದ ಇಳಿಜಾರನ್ನು ಕೆಡವಿದ ಉದಾಹರಣೆಗಳೂ ಇವೆ.

ಈ ಪದರ ತನ್ನ ಸುಳಿವನ್ನು ಕೊಡುವುದೂ ಉಂಟು. ನಡೆಯುವಾಗ ಕಾಲಡಿಯ ಹಿಮ ಒಮ್ಮೆಗೇ ‘ದುಮ್’ ಎಂದು ಕುಸಿದು ಕೂತ ಸದ್ದು ಬಂದರೆ ಒಳಗಿನ ದುರ್ಬಲ ಪದರ ಆಗಲೇ ಮುರಿದಿದೆ ಎಂದರ್ಥ; ಇಳಿಜಾರು ಸಾಲದ್ದರಿಂದ ಮಾತ್ರ ಹಿಮ ಜಾರಲಿಲ್ಲ. ಹೆಜ್ಜೆಯಿಂದ ಬಿರುಕುಗಳು ಮುಂದಕ್ಕೆ ಓಡುವುದು ಎರಡನೆಯ ಸುಳಿವು. ಅದೇ ದಿಕ್ಕಿಗೆ ಮುಖ ಮಾಡಿದ ಪಕ್ಕದ ಬೆಟ್ಟದಲ್ಲಿ ಹೊಸದಾಗಿ ಕುಸಿದ ಗುರುತು ಕಾಣುವುದು ಎಲ್ಲಕ್ಕಿಂತ ಸ್ಪಷ್ಟವಾದ ಸುಳಿವು. ಇವುಗಳಲ್ಲಿ ಯಾವುದೊಂದು ಕಂಡರೂ ಕಡಿದಾದ ಇಳಿಜಾರುಗಳನ್ನು ಬಿಟ್ಟು ಹಿಂದಿರುಗುವುದೇ ಸರಿ.

ಸಣ್ಣ ಕುಸಿತವೆಂದು ಕಡೆಗಣಿಸುವಂತೆಯೂ ಇಲ್ಲ. ಹಿಮ ತೆಳುವಾಗಿದ್ದಾಗ ಬಂಡೆಗಳು, ಮರದ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಿರುವುದರಿಂದ ಜಾರಿದವರು ಅವುಗಳಿಗೆ ಬಡಿದು ಗಾಯಗೊಳ್ಳುತ್ತಾರೆ. ಇಳಿಜಾರಿನ ಬುಡದಲ್ಲಿ ಕಿರಿದಾದ ಹಳ್ಳವಿದ್ದರೆ ಮೊಣಕಾಲುದ್ದದ ಹಿಮವೇ ಅಲ್ಲಿ ಆಳೆತ್ತರಕ್ಕೆ ತುಂಬಿಕೊಳ್ಳುತ್ತದೆ.

ಅಕ್ಟೋಬರ್‌ನ ಎತ್ತರದ ಹಾದಿಗಳು

ಐದು ಸಾವಿರ ಮೀಟರಿಗೂ ಮೇಲಿನ ಹಿಮನದಿಗಳಲ್ಲಿ ಋತುವಿನ ಆರಂಭಕ್ಕೆ ಇನ್ನೊಂದು ಮುಖವಿದೆ. ಮಳೆಗಾಲ ಹಿಂದೆ ಸರಿಯುವಾಗ ಬೀಳುವ ಹಿಮ ಹಿಮನದಿಯ ಬಿರುಕುಗಳ ಬಾಯನ್ನು ತೆಳ್ಳಗೆ ಮುಚ್ಚಿಬಿಡುತ್ತದೆ. ಚಳಿಗಾಲದ ಕೊನೆಯಲ್ಲಿ ಸಿಗುವ ಗಟ್ಟಿಯಾದ ಹಿಮಸೇತುವೆ ಆಗ ಇರುವುದಿಲ್ಲ. ಕುಸಿತವು ಜನರನ್ನು ಅಂಥ ಬಿರುಕಿಗೆ ತಳ್ಳಿದರೆ ಏನಾಗುತ್ತದೆ ಎಂಬುದನ್ನು 2022ರ ದುರಂತ ತೋರಿಸಿತು.

ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಹಿಮಾಲಯವನ್ನು ತಲುಪಬಲ್ಲವು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಸೇರಿದ ‘ಹುದ್‌ಹುದ್’ ಚಂಡಮಾರುತದ ಉಳಿಕೆ ಎರಡೇ ದಿನಗಳಲ್ಲಿ ನೇಪಾಳದ ‘ಅನ್ನಪೂರ್ಣ ಸುತ್ತು’ ಎಂಬ ಚಾರಣದಾರಿಯ ಮೇಲೆ ಭಾರೀ ಹಿಮ ಸುರಿಸಿತು. 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆದಾರಿಯ ಸುತ್ತಮುತ್ತ ಹಿಮಬಿರುಗಾಳಿಗೂ ಹಿಮಕುಸಿತಗಳಿಗೂ ಸಿಲುಕಿ 40ಕ್ಕೂ ಹೆಚ್ಚು ಮಂದಿ ಸತ್ತರು. ಅದು ಅಲ್ಲಿ ಚಾರಣಕ್ಕೆ ಅತ್ಯುತ್ತಮವೆಂದು ಹೆಸರಾದ ತಿಂಗಳು.

ಎಚ್ಚರಿಕೆಯ ಐದು ಹಂತಗಳು

ಭಾರತದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುವುದು ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಗವಾದ ಡಿಜಿಆರ್‌ಇ. ಮನಾಲಿಯಲ್ಲಿ ಆರಂಭವಾದ ‘ಸಾಸೆ’ ಎಂಬ ಹಳೆಯ ಹಿಮಸಂಶೋಧನಾ ಕೇಂದ್ರ 2020ರಲ್ಲಿ ಇದರೊಳಗೆ ಸೇರಿತು. ಜಿಲ್ಲೆ ಮತ್ತು ಎತ್ತರವನ್ನು ನಮೂದಿಸಿ ಬರುವ ಇದರ ಎಚ್ಚರಿಕೆಗಳನ್ನು ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಜನರಿಗೆ ತಲುಪಿಸುತ್ತವೆ. 2025ರ ಫೆಬ್ರವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ಗಡಿ ರಸ್ತೆ ಕಾಮಗಾರಿಯ 54 ಕಾರ್ಮಿಕರು ಹಿಮದಡಿ ಸಿಲುಕಿ ಎಂಟು ಮಂದಿ ಸತ್ತಾಗ, ಆ ಜಿಲ್ಲೆಗೆ ಹಿಂದಿನ ಸಂಜೆಯೇ ಎಚ್ಚರಿಕೆ ಹೊರಟಿತ್ತು.

ಜಗತ್ತಿನ ಹಲವೆಡೆ ಬಳಕೆಯಲ್ಲಿರುವುದು ಐದು ಹಂತಗಳ ಅಳತೆ: ಕಡಿಮೆ, ಮಿತ, ಗಣನೀಯ, ಹೆಚ್ಚು, ಅತಿ ಹೆಚ್ಚು. ಐದರಲ್ಲಿ ಮೂರು ಎಂದರೆ ನಡುಮಟ್ಟ, ಪರೀಕ್ಷೆಯಲ್ಲಿ ಪಾಸಾದಂತೆ ಎಂದು ಓದಿಕೊಳ್ಳುವುದು ದೊಡ್ಡ ತಪ್ಪು. ಹಂತದಿಂದ ಹಂತಕ್ಕೆ ಅಪಾಯ ಪಟ್ಟು ಪಟ್ಟಾಗಿ ಏರುತ್ತದೆ. ಮೂರನೆಯ ಹಂತದಲ್ಲಿ ಒಬ್ಬ ಮನುಷ್ಯನ ಭಾರವೇ ಕುಸಿತಕ್ಕೆ ಸಾಕಾಗಬಹುದು. ನಾಲ್ಕು, ಐದು ಎಂದಾಗ ಜನ ಹೊರಡುವುದಿಲ್ಲ, ಮೂರಕ್ಕೆ ಹೊರಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಹೆಚ್ಚಿನ ಸಾವುಗಳು ಮೂರನೆಯ ಹಂತದ ದಿನಗಳಲ್ಲಿಯೇ ಆಗಿವೆ. ಋತುವಿನ ಆರಂಭದಲ್ಲಿ ಮುನ್ಸೂಚಕರ ಕೈಯಲ್ಲಿಯೂ ಹಿಮದ ಅಳತೆಗಳು ಕಡಿಮೆ ಇರುತ್ತವೆ. ಹಲವು ದೇಶಗಳಲ್ಲಿ ದಿನವಹಿ ಪ್ರಕಟಣೆ ಹಿಮ ಸಾಕಷ್ಟು ಕೂಡಿದ ಮೇಲೆಯೇ ತೊಡಗುತ್ತದೆ. ಆದ್ದರಿಂದ ಪ್ರಕಟಣೆ ಇಲ್ಲವೆಂದರೆ ಅಪಾಯವಿಲ್ಲ ಎಂದಲ್ಲ.

ಹಿಮದಡಿ ಸಿಲುಕಿದವರಿಗೆ ಇರುವ ಸಮಯ

ಜಾರುವಾಗ ನೀರಿನಂತೆ ಹರಿಯುವ ಹಿಮ ನಿಂತ ಕೂಡಲೇ ಬಿಗಿದುಕೊಳ್ಳುತ್ತದೆ. ಒಳಗಿರುವವರಿಗೆ ಬೆರಳಾಡಿಸಲೂ ಆಗುವುದಿಲ್ಲ. ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ತಾವೇ ಬಿಟ್ಟ ಉಸಿರನ್ನು ಮತ್ತೆ ಮತ್ತೆ ಎಳೆದುಕೊಳ್ಳಬೇಕಾಗಿ ಬಂದು ಉಸಿರುಗಟ್ಟಿ. ಮೊದಲ ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕಬಹುದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಪ್ರಮಾಣ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಹೊರಗಿನಿಂದ ಬರುವ ಯಾವ ರಕ್ಷಣಾ ತಂಡಕ್ಕೂ ಈ ಸಮಯ ಸಾಲದು. ಉಳಿಸಬಲ್ಲವರು ಜೊತೆಗಾರರು ಮಾತ್ರ, ಅದೂ ಪ್ರತಿಯೊಬ್ಬರ ಮೈಮೇಲೆ ರೇಡಿಯೊ ಸಂಕೇತ ಕೊಡುವ ಟ್ರಾನ್ಸೀವರ್, ಚೀಲದಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ ಮತ್ತು ಸಲಿಕೆ ಇದ್ದರೆ, ಅವುಗಳನ್ನು ಬಳಸಲು ಕಲಿತಿದ್ದರೆ.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಇಪ್ಪತ್ತೈದು ಅಡಿಗೂ ಆಳದಿಂದ ಹನುಮಂತಪ್ಪ ಅವರನ್ನು ಜೀವಂತವಾಗಿ ಹೊರತೆಗೆಯಲಾಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಿಮದಡಿ ಉಸಿರಾಡಲು ಗಾಳಿಯ ಪೊಳ್ಳೊಂದು ಉಳಿದಿದ್ದುದರಿಂದ ಅಷ್ಟು ದಿನ ಜೀವ ನಿಂತಿತ್ತು. ಅಂಥ ಪೊಳ್ಳು ಸಿಗುವುದು ಅತ್ಯಂತ ಅಪರೂಪ.

ಹೊರಡುವ ಮುನ್ನ ಕೇಳಬೇಕಾದದ್ದು

ಚಳಿಗಾಲದ ಜನಪ್ರಿಯ ಚಾರಣಗಳಾದ ಕೇದಾರಕಂಠ, ಬ್ರಹ್ಮತಾಲ್‌ಗಳ ದಾರಿಗಳು ಬಹುಪಾಲು ಕಾಡಿನ ನಡುವೆ ಮತ್ತು ಏಣುಗಳ ಮೇಲೆ ಸಾಗುತ್ತವೆ. ಅವು ಚಳಿಗಾಲಕ್ಕೆ ಒಗ್ಗಲು ಅದೂ ಒಂದು ಕಾರಣ. ದಾರಿ ಬಿಟ್ಟು ಪಕ್ಕದ ತೆರೆದ ಇಳಿಜಾರಿಗೆ ಚಿತ್ರಕ್ಕಾಗಿಯೋ ಜಾರುವ ಆಟಕ್ಕಾಗಿಯೋ ಹೋದಾಗ ಆ ರಕ್ಷಣೆ ಇರುವುದಿಲ್ಲ. ಎತ್ತರದ ಕಣಿವೆದಾರಿಗಳಿಗೂ ಹಿಮನದಿಗಳಿಗೂ ಹೋಗುವವರ ಲೆಕ್ಕವೇ ಬೇರೆ.

ಚಾರಣ ಏರ್ಪಡಿಸುವವರನ್ನು ಊಟ, ಡೇರೆಗಳ ಬಗ್ಗೆ ಕೇಳುವಂತೆಯೇ, ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರುಗಳನ್ನು ದಾರಿ ಎಲ್ಲಿ ದಾಟುತ್ತದೆ, ಅಲ್ಲಿ ಒಬ್ಬೊಬ್ಬರಾಗಿ ದಾಟಿಸುತ್ತೀರಾ, ಭಾರೀ ಹಿಮ ಬಿದ್ದರೆ ಎಷ್ಟು ದಿನ ಕಾಯುತ್ತೀರಿ, ಕಾದ ದಿನಗಳಿಗೆ ವೇಳಾಪಟ್ಟಿಯಲ್ಲಿ ಜಾಗವಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಹಿಮಪಾತ ನಿಂತ ಮೊದಲ ಒಂದೆರಡು ದಿನಗಳು ವಿಶೇಷವಾಗಿ ಅಪಾಯಕಾರಿ. ತಳದಲ್ಲಿ ಸಕ್ಕರೆ ಪದರವಿದ್ದರೆ ಆ ಅಪಾಯ ವಾರಗಟ್ಟಲೆ ಉಳಿಯಬಲ್ಲದು. ಹಿಂದಿರುಗುವ ರೈಲಿನ ಟಿಕೆಟ್ ಆಗಲೇ ಕಾದಿರಿಸಿದ್ದರಿಂದ ಮರುದಿನವೇ ಹೊರಡಬೇಕಾದ ತಂಡದ ಮೇಲೆ ಎಂಥ ಒತ್ತಡವಿರುತ್ತದೆ ಎಂಬುದನ್ನು ಊಹಿಸಬಹುದು.

ಇನ್ನೊಂದು ಪ್ರಶ್ನೆಯನ್ನು ಚಾರಣ ಶುರುವಾಗುವ ಹಳ್ಳಿಯಲ್ಲಿ ಕೇಳಬೇಕು. ಈ ವರ್ಷ ಮೊದಲ ಹಿಮ ಯಾವಾಗ ಬಿತ್ತು, ಮೇಲಿನ ನೆರಳಿನ ಇಳಿಜಾರಿನಲ್ಲಿ ಅದು ಕರಗಿತೇ ಉಳಿಯಿತೇ, ಆಮೇಲೆ ಎಷ್ಟು ದಿನ ಆಕಾಶ ತಿಳಿಯಾಗಿತ್ತು ಎಂಬುದಕ್ಕೆ ಉತ್ತರ ಕೊಡಬಲ್ಲವರು ಅಕ್ಟೋಬರ್‌ನಲ್ಲಿ ಎತ್ತರದ ಹುಲ್ಲುಗಾವಲುಗಳಿಂದ ಕುರಿಗಳನ್ನು ಇಳಿಸಿಕೊಂಡು ಬಂದವರು.